ಕ್ಯಾಶುವಾಲ್ಟಿಯಲ್ಲಿ ಹೇಳಿದ ಮೊದಲ ಮಾತು

ಅಪಘಾತ ಪರಿಹಾರದ ಕೇಸು ಹಾಕಲು ನಮ್ಮ ವಕೀಲಿ ಕಚೇರಿಗೆ ಬರುವವರು ಎಕ್ಸ್‌ರೇ, ಬಿಲ್ಲು, ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಬಟ್ಟೆ ಅಂಗಡಿಯ ಚೀಲದಲ್ಲಿ ತುರುಕಿಕೊಂಡು ಬರುತ್ತಾರೆ. ಅದನ್ನೆಲ್ಲ ಜೋಡಿಸಲು ನಮ್ಮ ಗುಮಾಸ್ತರಿದ್ದಾರೆ. ನಾನು ಮೊದಲು ಕೇಳುವ ಪ್ರಶ್ನೆಯೇ ಬೇರೆ: ಆಸ್ಪತ್ರೆಗೆ ಸೇರಿಸುವಾಗ ಜೊತೆಗೆ ಯಾರಿದ್ದರು, ವೈದ್ಯರಿಗೆ ಏನು ಹೇಳಿದರು? ಬಂದವರು ಮುಖ ಮುಖ ನೋಡಿಕೊಂಡರೆ ನನಗೆ ಅರ್ಧ ಕಥೆ ಗೊತ್ತಾಗಿಬಿಡುತ್ತದೆ.

ಗಾಯ ಹೇಗಾಯಿತು ಎಂದು ಕರ್ತವ್ಯದಲ್ಲಿರುವ ವೈದ್ಯರು ಕೇಳಿ ಬರೆದುಕೊಳ್ಳುವ ಒಂದು ಸಾಲಿದೆ. ಕೇಸ್ ಶೀಟಿನಲ್ಲಿ ಬರುವುದು ಅದೇ, ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳ) ರಿಜಿಸ್ಟರಿನಲ್ಲಿ ಬರುವುದೂ ಅದೇ. ಎಷ್ಟೋ ಸಲ ಗಾಯದ ಪ್ರಮಾಣಪತ್ರಕ್ಕೂ ಅದೇ ಇಳಿಯುತ್ತದೆ. ನಮ್ಮ ಜನ ಆ ಹೊತ್ತಿನಲ್ಲಿ ಹೇಳುವುದು: ‘ಬೈಕಿನಿಂದ ಬಿದ್ದ.’ ವೈದ್ಯರು ಬರೆಯುವುದು: ‘ಸೆಲ್ಫ್ ಫಾಲ್’, ಅಂದರೆ ತಾನಾಗಿ ಬಿದ್ದದ್ದು. ಡಿಕ್ಕಿ ಹೊಡೆದ ವಾಹನ ದಾಖಲೆಯಿಂದ ಅಲ್ಲಿಗೆ ಮಾಯ.

ಗಾರೆ ಕೆಲಸದ ಒಬ್ಬರ ಪ್ರಕರಣ ಹೇಳುತ್ತೇನೆ, ಗುರುತು ಸಿಗದಷ್ಟು ಬದಲಿಸಿ. ಸಂತೆ ಮುಗಿಸಿ ಬರುತ್ತಿದ್ದವರಿಗೆ ಹಿಂದಿನಿಂದ ಪಿಕಪ್ ವಾಹನ ಗುದ್ದಿ ಕಾಲಿನ ಮೂಳೆ ಮುರಿಯಿತು. ವಾಹನದ ಮಾಲೀಕ ಅದೇ ಊರಿನವ. ‘ಸ್ಟೇಷನ್ ಸಹವಾಸ ಬೇಡ ಭಾವ, ಖರ್ಚೆಲ್ಲ ನನ್ನದು’ ಎಂದ. ಇವರ ಬಾಮೈದ ಆಸ್ಪತ್ರೆಯಲ್ಲಿ ‘ನಾಯಿ ಅಡ್ಡ ಬಂದು ಬಿದ್ದರು’ ಎಂದು ಬರೆಸಿದ, ಸಹಿಯನ್ನೂ ಹಾಕಿದ. ಮೊದಲ ಬಿಲ್ಲನ್ನು ಮಾಲೀಕ ಕಟ್ಟಿದ. ಸೋಂಕಾಗಿ ಎರಡನೇ ಶಸ್ತ್ರಚಿಕಿತ್ಸೆ ಬೇಕೆಂದಾಗ ಅವನ ಫೋನು ಸ್ವಿಚ್ ಆಫ್. ಆಮೇಲೆ ದೂರು, ಆಮೇಲೆ ಕೇಸು. ವಿಚಾರಣೆಯಲ್ಲಿ ವಿಮಾ ಕಂಪನಿಯ ವಕೀಲರು ಆಸ್ಪತ್ರೆಯಿಂದ ರಿಜಿಸ್ಟರ್ ತರಿಸಿ, ಆ ಸಾಲಿನ ಕೆಳಗೆ ಬೆರಳಿಟ್ಟು, ‘ಇದು ನಿಮ್ಮ ಬಾಮೈದನ ಸಹಿ ತಾನೇ?’ ಎಂದರು. ಪಾಟೀ ಸವಾಲು ಅಲ್ಲಿಗೇ ಮುಗಿದಂತೆ. ಆ ನಾಯಿ ಕಡತದಲ್ಲಿ ಮಾತ್ರ ಇತ್ತು, ರಸ್ತೆಯಲ್ಲಿ ಎಂದೂ ಇರಲಿಲ್ಲ.

ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಸಂಗತಿ ಇದು: ವಾಹನಕ್ಕೆ ಚಾಲ್ತಿಯಲ್ಲಿರುವ ಥರ್ಡ್ ಪಾರ್ಟಿ ವಿಮೆಯಿದ್ದರೆ (ವಾಹನದಿಂದ ಬೇರೆಯವರಿಗಾಗುವ ಹಾನಿಗೆ ಮಾಡಿಸುವ ವಿಮೆ) ಪರಿಹಾರ ಕಟ್ಟುವುದು ಸಾಮಾನ್ಯವಾಗಿ ಕಂಪನಿ, ಮಾಲೀಕನಲ್ಲ. ಆ ವಿಮೆಯನ್ನು ಕಾನೂನು ಕಡ್ಡಾಯ ಮಾಡಿರುವುದೇ ಇದಕ್ಕಾಗಿ. ಚಾಲಕನ ಮೇಲೆ ಕ್ರಿಮಿನಲ್ ಕೇಸು ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಪರವಾನಗಿ ಇಲ್ಲದ ಚಾಲಕ, ಮುಗಿದ ಪಾಲಿಸಿ ಇದ್ದರೆ ಲೆಕ್ಕ ಬೇರೆ. ಉಳಿದಂತೆ ನೆರೆಯವನ ಜೇಬು ಉಳಿಸಲೆಂದು ನೀವು ಹೇಳುವ ಸುಳ್ಳು ಉಳಿಸುವುದು ಕಂಪನಿಯ ದುಡ್ಡನ್ನು. ನೀವೇ ಬಿದ್ದಿರಿ ಎಂದಾದರೆ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಡಿ ನೀವು ಯಾರ ಮೇಲೆ ಪರಿಹಾರದ ಅರ್ಜಿ ಹಾಕುತ್ತೀರಿ? ನಿಮ್ಮ ಮೇಲೆಯೇ?

ಪೊಲೀಸ್ ಕೇಸು ಎಂದರೆ ಆಸ್ಪತ್ರೆಯವರು ಮುಟ್ಟುವುದಿಲ್ಲ ಎಂಬ ಹೆದರಿಕೆ ಇನ್ನೂ ಹೋಗಿಲ್ಲ. ಮೊದಲು ಚಿಕಿತ್ಸೆ, ಕಾನೂನಿನ ವಿಧಿವಿಧಾನ ಆಮೇಲೆ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದ್ದು 1989ರಲ್ಲಿ. 2025ರ ನಗದುರಹಿತ ಚಿಕಿತ್ಸಾ ಯೋಜನೆಯಡಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ಚಿಕಿತ್ಸೆಗೆ ಅವಕಾಶವಿದೆ. ಅಪಘಾತವನ್ನೇ ಮರೆಮಾಚಿದವರಿಗೆ ಅದು ಹೇಗೆ ಸಿಕ್ಕೀತು?

ಹಾಗೆಂದು ಗೊತ್ತಿಲ್ಲದ್ದನ್ನು ಊಹಿಸಿ ಬರೆಸಬೇಡಿ. ಘಟನೆ ನೋಡದ ಅಣ್ಣನೋ ಮಗನೋ ‘ನಾನು ಸ್ಥಳದಲ್ಲಿರಲಿಲ್ಲ, ರಸ್ತೆಯಲ್ಲಿ ಬಿದ್ದಿದ್ದವರನ್ನು ಕರೆತಂದೆ’ ಎಂದರೆ ಸಾಕು. ಗಾಯಾಳುವಿಗೆ ಪ್ರಜ್ಞೆ ಬಂದ ಮೇಲೆ ಅವರೇ ನಡೆದದ್ದನ್ನು ಹೇಳಲಿ, ಅದನ್ನು ದಿನಾಂಕ, ಸಮಯ ಸಹಿತ ಕೇಸ್ ಶೀಟಿನಲ್ಲಿ ದಾಖಲಿಸಿ ಎಂದು ವೈದ್ಯರನ್ನು ಕೇಳಿಕೊಳ್ಳಿ. ಹಳೆಯ ಸಾಲನ್ನು ತಿದ್ದಿಸುವ ಸಾಹಸ ಮಾತ್ರ ಬೇಡ. ‘ಡಾಕ್ಟರು ಪರಿಚಯದವರೇ, ಬದಲಿಸಿ ಕೊಡುತ್ತಾರೆ ಸರ್’ ಎಂದು ಕಣ್ಣು ಮಿಟುಕಿಸುವವರನ್ನು ನಾನು ಎಬ್ಬಿಸಿ ಕಳುಹಿಸಿದ್ದೇನೆ. ಬೇರೆ ಶಾಯಿಯ ಒಂದು ಅಕ್ಷರ ಕಂಡರೂ ನಿಜವಾದ ಸಾಕ್ಷಿಯೂ ಸುಳ್ಳಾಗಿ ಕಾಣುತ್ತದೆ.

ಆ ಒಂದು ಸಾಲಿನಿಂದಲೇ ಕೇಸು ಬಿದ್ದುಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಪರಿಹಾರ ನಿರ್ಧರಿಸುವ ನ್ಯಾಯಮಂಡಳಿ ಸ್ಥಳದ ಮಹಜರು, ವಾಹನ ತಪಾಸಣೆ ವರದಿ, ಪ್ರತ್ಯಕ್ಷದರ್ಶಿಗಳ ಹೇಳಿಕೆ ಎಲ್ಲವನ್ನೂ ತೂಗಿ ನೋಡುತ್ತದೆ. ದೂರು ತಡವಾಯಿತು ಎಂಬುದೊಂದೇ ಕಾರಣಕ್ಕೆ ಅನುಮಾನಿಸಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲಿ ರವಿ ವಿರುದ್ಧ ಬದರಿನಾರಾಯಣ ಪ್ರಕರಣದಲ್ಲಿ ಹೇಳಿದೆ. ಆದರೆ ತಡವಾದದ್ದಕ್ಕೆ ಕಾರಣ ಕೊಡುವುದು ಬೇರೆ, ನಿಮ್ಮವರೇ ಬರೆಸಿದ ನಾಯಿಯನ್ನು ಓಡಿಸುವುದು ಬೇರೆ.

ಆಸ್ಪತ್ರೆಗೆ ಸೇರುವ ಅದೇ ಹೊತ್ತಿನಲ್ಲಿ ಇನ್ನೊಂದು: ಸಣ್ಣ ನೋವನ್ನೂ ಹೇಳಿ. ಹೊಲಿಗೆ ಮಾಡುವ ಒಬ್ಬ ಹೆಂಗಸು ತೊಡೆಯ ಮೂಳೆ ಮುರಿದ ಸಂಕಟದಲ್ಲಿ ಹೆಬ್ಬೆರಳಿನ ಮಾತೇ ಎತ್ತಲಿಲ್ಲ. ತೊಡೆ ಕೂಡಿಕೊಂಡಿತು. ಹೆಬ್ಬೆರಳು ಮಡಚುವುದಿಲ್ಲ, ಕತ್ತರಿ ಹಿಡಿಯಲಾಗುವುದಿಲ್ಲ. ಅಂಗವೈಕಲ್ಯ ದುಡಿಮೆಯನ್ನು ಎಷ್ಟು ಕಸಿಯಿತು ಎಂಬುದನ್ನೇ ನೋಡಬೇಕೆಂದು ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪು ಹೇಳುತ್ತದೆ. ಆ ಲೆಕ್ಕದಲ್ಲಿ ಆಕೆಗೆ ತೊಡೆಗಿಂತ ಹೆಬ್ಬೆರಳೇ ದೊಡ್ಡದು. ಆದರೆ ದಾಖಲಾದ ದಿನದ ಯಾವ ಕಾಗದದಲ್ಲೂ ಹೆಬ್ಬೆರಳು ಇಲ್ಲ. ನಾಲ್ಕನೇ ವಾರದ ಹೊರರೋಗಿ ಚೀಟಿಯಲ್ಲಿ ವೈದ್ಯರೊಬ್ಬರು ಗೀಚಿದ ಅರ್ಧ ಸಾಲು ಸಿಕ್ಕಿತು, ಅದನ್ನೇ ಹಿಡಿದು ವಾದಿಸುತ್ತಿದ್ದೇವೆ.