ಬಿ.ಎಸ್ಸಿ. ಮುಗಿಸಿದ ಮಗಳಿಗೆ ಎಂಬಿಬಿಎಸ್: ದುಡ್ಡು ಎಲ್ಲಿಂದ?

ಪ್ರಶ್ನೆ: ಮಗಳು ಶಿರಸಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದಾಳೆ, ವಯಸ್ಸು 22. ಈಗ ನೀಟ್ ಬರೆದು ಡಾಕ್ಟರಾಗುತ್ತೇನೆ ಎಂದು ಹಟ ಹಿಡಿದಿದ್ದಾಳೆ. ನಮಗಿರುವುದು ಒಂದೂವರೆ ಎಕರೆ ಅಡಿಕೆ ತೋಟ. ಒಮ್ಮೆ ಪದವಿ ಪಡೆದವರಿಗೆ ಮತ್ತೆ ಶಿಕ್ಷಣ ಸಾಲ, ವಿದ್ಯಾರ್ಥಿವೇತನ ಸಿಗುತ್ತದೆಯೇ? ತೋಟ ಅಡವಿಡಬೇಕಾದೀತೇ?

ಉತ್ತರ: ಸಾಲ ಸಿಗುತ್ತದೆ. ಸರ್ಕಾರದ ನೆರವು ಬಹುಮಟ್ಟಿಗೆ ಸಿಗುವುದಿಲ್ಲ. ತೋಟದ ಪ್ರಶ್ನೆಗೆ ಉತ್ತರ ಬ್ಯಾಂಕಿನಲ್ಲಿಲ್ಲ, ಮಗಳಿಗೆ ಎಂಥ ಸೀಟು ಸಿಗುತ್ತದೆ ಎಂಬುದರಲ್ಲಿದೆ.

ಮಗಳ ಹಟ ನನಗೆ ಇಷ್ಟವಾಯಿತು. ತುರ್ತು ಬಂದರೆ ಭಟ್ಕಳ, ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾದ ಬಾಂಬೋಳಿಗೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ ರೋಗಿಯನ್ನು ಹೊತ್ತು ಓಡುವ ಜಿಲ್ಲೆ ನಮ್ಮ ಉತ್ತರ ಕನ್ನಡ. ವಯಸ್ಸು ಮೀರಿತು ಎಂಬ ಚಿಂತೆ ಬೇಡ. ನೀಟ್‌ಗೆ ಇದ್ದ ಗರಿಷ್ಠ ವಯೋಮಿತಿಯನ್ನು 2022ರಲ್ಲಿ ತೆಗೆದುಹಾಕಿದ್ದಾರೆ. ಅರ್ಹತೆಗೆ ನೋಡುವುದು ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರದ ಅಂಕಗಳನ್ನು. ಪಿಯುಸಿ ಮೂಲ ಅಂಕಪಟ್ಟಿ ಪದವಿ ಕಾಲೇಜಿನ ಕಪಾಟಿನಲ್ಲೇ ಉಳಿದಿದ್ದರೆ ವರ್ಗಾವಣೆ ಪತ್ರದ ಜೊತೆ ಈಗಲೇ ಬಿಡಿಸಿಕೊಂಡು ಬನ್ನಿ.

ಇನ್ನು ಲೆಕ್ಕ. ಸರ್ಕಾರಿ ಕಾಲೇಜಿನ ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಮೂಲಕ ಕಟ್ಟುವ ಶುಲ್ಕ ವರ್ಷಕ್ಕೆ 60–65 ಸಾವಿರ ರೂಪಾಯಿಯ ಆಸುಪಾಸು. ಖಾಸಗಿ ಕಾಲೇಜಿನ ಸರ್ಕಾರಿ ಸೀಟಾದರೆ ಒಂದೂವರೆ ಲಕ್ಷದ ಹತ್ತಿರ. ಅದೇ ಕಾಲೇಜಿನ ಖಾಸಗಿ ಸೀಟಿಗೆ ಹನ್ನೆರಡು ಲಕ್ಷದ ಹತ್ತಿರ. ಪಾಠ ಅದೇ, ಪುಸ್ತಕ ಅದೇ. ಕಾರವಾರದಲ್ಲೇ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿ ಸೀಟು ಸಿಕ್ಕಿತು ಎಂದುಕೊಳ್ಳಿ. ನಾಲ್ಕೂವರೆ ವರ್ಷದ ಶುಲ್ಕ ಸುಮಾರು 2.9 ಲಕ್ಷ. ಊಟ, ವಸತಿ, ಪುಸ್ತಕಕ್ಕೆ ತಿಂಗಳಿಗೆ 8 ಸಾವಿರ ಹಿಡಿದರೆ 54 ತಿಂಗಳಿಗೆ 4.3 ಲಕ್ಷ. ಒಟ್ಟು ಏಳೂಕಾಲು ಲಕ್ಷದ ಒಳಗೆ ಮುಗಿಯುತ್ತದೆ. ಕೊನೆಯ ಒಂದು ವರ್ಷ ಇಂಟರ್ನ್‌ಶಿಪ್. ಅದಕ್ಕೆ ಕರ್ನಾಟಕ ಸರ್ಕಾರ 2020ರಲ್ಲಿ ತಿಂಗಳ ಭತ್ಯೆಯನ್ನು 30 ಸಾವಿರಕ್ಕೆ ಏರಿಸಿದೆ. ಆ ವರ್ಷ ಅವಳ ಖರ್ಚು ಅವಳೇ ನೋಡಿಕೊಳ್ಳುತ್ತಾಳೆ.

ಈ ಏಳೂಕಾಲು ಲಕ್ಷವನ್ನು ನೆನಪಿಟ್ಟುಕೊಳ್ಳಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗಿನ ಸಾಲಕ್ಕೆ ಆಸ್ತಿಯ ಆಧಾರ ಕೇಳುವುದಿಲ್ಲ. ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಸರ್ಕಾರಿ ಸೀಟು ಸಿಕ್ಕರೆ ತೋಟದ ಒಂದು ಮರವನ್ನೂ ಅಡವಿಡಬೇಕಿಲ್ಲ. ಇದು ಮೊದಲ ಪದವಿಯೇ, ಎರಡನೆಯದೇ ಎಂಬುದು ಸಾಲಕ್ಕೆ ಅಡ್ಡಿಯಾಗುವುದಿಲ್ಲ. ಬಿ.ಎಸ್ಸಿ.ಗೆ ಮಾಡಿದ ಸಾಲ ಬಾಕಿ ಇದ್ದರೆ ಮಾತ್ರ ಮೊದಲು ಅದನ್ನು ತೀರಿಸಿ.

ಎರಡನೇ ಪದವಿ ಎಂಬುದು ಕುತ್ತಾಗುವುದು ನೆರವಿನ ವಿಷಯದಲ್ಲಿ. ವಾರ್ಷಿಕ ಆದಾಯ 4.5 ಲಕ್ಷದ ಒಳಗಿನ ಕುಟುಂಬಗಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸುವ ಯೋಜನೆ ಇದೆ. ಅದು ಒಮ್ಮೆ ಮಾತ್ರ, ಅದೂ ಮೊದಲ ಪದವಿಗೆ ಅಥವಾ ಸ್ನಾತಕೋತ್ತರ ಓದಿಗೆ. ಎಂಬಿಬಿಎಸ್ ಮತ್ತೊಂದು ಪದವಿ, ಸ್ನಾತಕೋತ್ತರವಲ್ಲ. ಹಾಗಾಗಿ ನಿಮ್ಮ ಮಗಳು ಎರಡರಿಂದಲೂ ಹೊರಗೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಇದೇ ತೊಡಕು. ಒಂದು ಹಂತ ಮುಗಿಸಿ ಅದೇ ಹಂತದ ಬೇರೆ ವಿಷಯಕ್ಕೆ ಸೇರಿದವರಿಗೆ ಅದು ಇಲ್ಲ. ನನಗೆ ಈ ನಿಯಮ ಸರಿ ಕಾಣುವುದಿಲ್ಲ. ಹದಿನೆಂಟರಲ್ಲಿ ಕೋಚಿಂಗಿಗೆ ದುಡ್ಡಿಲ್ಲದೆ ಸಿಕ್ಕ ಕೋರ್ಸಿಗೆ ಸೇರಿದ ಹಳ್ಳಿಯ ಮಕ್ಕಳಿಗೇ ಇದರ ಪೆಟ್ಟು ಹೆಚ್ಚು. ಆದರೂ ಇರುವುದು ಇದೇ. ಬರುತ್ತದೆ ಎಂದು ನಂಬಿ ಲೆಕ್ಕ ಹಾಕಬೇಡಿ. ನೀವು ಹಿಂದುಳಿದ ವರ್ಗಕ್ಕೆ ಅಥವಾ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದವರಾದರೆ ಆಯಾ ನಿಗಮದ ‘ಅರಿವು’ ಸಾಲವನ್ನು ವಿಚಾರಿಸಿ. ಅದರ ಬಡ್ಡಿ ಶೇ 2 ಮಾತ್ರ.

ಖಾಸಗಿ ಸೀಟಿಗೆ ತೋಟ ಅಡವಿಡುವ ಯೋಚನೆ ಇದ್ದರೆ ಇದನ್ನು ಓದಿ. ಬ್ಯಾಂಕಿನಲ್ಲಿ ಸಾಲದ ಮೇಜಿನ ಹಿಂದೆ ಕುಳಿತಿದ್ದ ವರ್ಷಗಳಲ್ಲಿ ನಿಮ್ಮಂಥ ಎಷ್ಟೋ ತಂದೆಯರನ್ನು ನೋಡಿದ್ದೇನೆ. ಮಳೆಗೆ ನೆನೆಯದಂತೆ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಪಹಣಿ, ಅದರ ಮೇಲೆ ಅಡಿಕೆ ತೊಗರಿನ ಕಲೆಯ ಹೆಬ್ಬೆರಳು. ಒಬ್ಬರು ತೋಟದ ಜೊತೆ ಬೆಟ್ಟವನ್ನೂ ಸೇರಿಸಿ ಎಕರೆ ಲೆಕ್ಕ ಹೇಳಿದ್ದರು. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕು ಮಾತ್ರ. ಅದು ಆಧಾರಕ್ಕೆ ಬರುವುದಿಲ್ಲ. ಅತಿಕ್ರಮಣದ ಜಾಗವೂ ಬರುವುದಿಲ್ಲ. ಉಳಿದ ಸ್ವಂತ ತೋಟವನ್ನೂ ಬ್ಯಾಂಕುಗಳು ಶಿಕ್ಷಣ ಸಾಲಕ್ಕೆ ಹಿಂದೆಮುಂದೆ ನೋಡಿಯೇ ಒಪ್ಪುತ್ತವೆ. ಬಾಕಿ ವಸೂಲಿಗೆ ಅವು ಬಳಸುವ 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಆಗ ಜನ ಸೊಸೈಟಿ ತನ್ನ ಸದಸ್ಯ ಬೆಳೆಗಾರರಿಗೆ ಕೊಡುವ ಆಸಾಮಿ ಸಾಲದತ್ತ ತಿರುಗುತ್ತಾರೆ. ಅದು ಬೆಳೆಯ ಮೇಲೆ ನಿಂತ ಸಾಲ. ಒಂದು ಮಳೆಗಾಲದ ಕೊಳೆರೋಗ ಸಾಕು, ಕಂತು ತಪ್ಪುತ್ತದೆ. ವರ್ಷಕ್ಕೆ ಹನ್ನೆರಡು ಲಕ್ಷ ಬೇಡುವ ಸೀಟನ್ನು ಒಂದೂವರೆ ಎಕರೆ ಹೊರಲಾರದು. ಆ ಸೀಟು ಬೇಡ ಎಂದೇ ನನ್ನ ಸಲಹೆ. ಇನ್ನೊಮ್ಮೆ ನೀಟ್ ಬರೆಯಲು ಅವಳಿಗೆ ಒಂದು ವರ್ಷ ಕೊಡುವುದು ಇದಕ್ಕಿಂತ ಅಗ್ಗ. ಒಂದರಿಂದ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಅಥವಾ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಆ ಮೀಸಲಾತಿಗಳ ಪ್ರಮಾಣಪತ್ರವನ್ನು ಮರೆಯದೆ ಮಾಡಿಸಿ. ಪದವಿ ಪಡೆದ ಮಾತ್ರಕ್ಕೆ ಅವು ಕೈತಪ್ಪುವುದಿಲ್ಲ.

ಸೀಟು ಸಿಕ್ಕ ಮೇಲೆ ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲಿನಲ್ಲಿ ಅರ್ಜಿ ಹಾಕಿ, ಶಾಖೆಗೂ ಹೋಗಿ. ಹಣ ವರ್ಷವರ್ಷಕ್ಕೆ ಬಿಡುಗಡೆಯಾಗುತ್ತದೆ, ಬಿಡುಗಡೆಯಾದಷ್ಟಕ್ಕೇ ಬಡ್ಡಿ. ಮೊದಲ ವರ್ಷ 1.6 ಲಕ್ಷ ತೆಗೆದಿರಿ, ಬಡ್ಡಿ ಶೇ 10 ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 1,300 ರೂಪಾಯಿ ಆಗುತ್ತದೆ. ಓದುವಾಗಲೇ ಅದನ್ನು ಕಟ್ಟುತ್ತ ಬಂದರೆ ಶೇ 1ರ ರಿಯಾಯಿತಿ ಕೊಡುವ ಅವಕಾಶ ಬ್ಯಾಂಕಿಗಿದೆ, ಕೇಳಿ ಪಡೆಯಿರಿ. ‘ಎರಡನೇ ಪದವಿಗೆ ಕೊಡುವುದಿಲ್ಲ’ ಎಂದು ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಎದ್ದು ಬರಬೇಡಿ. ಮೇಲಧಿಕಾರಿಯ ಒಪ್ಪಿಗೆಯಿಲ್ಲದೆ ಶಿಕ್ಷಣ ಸಾಲದ ಅರ್ಜಿಯನ್ನು ಶಾಖೆ ತಿರಸ್ಕರಿಸುವಂತಿಲ್ಲ. ಕಾರಣವನ್ನು ಬರಹದಲ್ಲಿ ಕೇಳಿ.