ಬರಗಾಲದಲ್ಲಿ ಕೈಕಟ್ಟಿ ಕೂರುವ ಕಿಣ್ವ

ಡಿಎನ್‌ಎ ಮತ್ತು ಆರ್‌ಎನ್‌ಎಗಳ ನಾಲ್ಕು ಅಕ್ಷರಗಳಲ್ಲಿ ಎರಡು, ಅಂದರೆ ಅಡೆನಿನ್ ಮತ್ತು ಗ್ವಾನಿನ್, ಪ್ಯೂರಿನ್ ಗುಂಪಿಗೆ ಸೇರಿದವು. ಇವನ್ನು ಬುಡದಿಂದ ಕಟ್ಟುವುದು ಜೀವಕೋಶಕ್ಕೆ ದುಬಾರಿಯ ಕೆಲಸ. ಪಿಆರ್‌ಪಿಪಿ ಎಂಬ, ಫಾಸ್ಫೇಟ್ ಹೊತ್ತ ಸಕ್ಕರೆಯಿಂದ ಹೊರಟು ಐಎಂಪಿ ಎಂಬ ನ್ಯೂಕ್ಲಿಯೊಟೈಡನ್ನು (ಪ್ಯೂರಿನ್, ಸಕ್ಕರೆ, ಫಾಸ್ಫೇಟ್ ಸೇರಿದ ಅಣುವನ್ನು) ತಲುಪಲು 10 ಹಂತಗಳು ಬೇಕು. ದಾರಿಯುದ್ದಕ್ಕೂ ಕೋಶದ ಶಕ್ತಿಯ ನಾಣ್ಯವಾದ ಎಟಿಪಿ ಖರ್ಚಾಗುತ್ತದೆ. ಆದ್ದರಿಂದ ಹಳೆಯ ಆರ್‌ಎನ್‌ಎ ಒಡೆದು ಉಳಿದ ಅಥವಾ ಹೊರಗಿನಿಂದ ಸಿಕ್ಕ ಹೈಪೊಕ್ಸಾಂಥಿನ್ (ಇದೂ ಒಂದು ಪ್ಯೂರಿನ್), ಗ್ವಾನಿನ್‌ಗಳನ್ನು ಬ್ಯಾಕ್ಟೀರಿಯಾ ಬಿಸಾಡುವುದಿಲ್ಲ. ಎಚ್‌ಪಿಆರ್‌ಟಿ ಎಂಬ ಕಿಣ್ವ ಅವನ್ನು ಅದೇ ಪಿಆರ್‌ಪಿಪಿಗೆ ಒಂದೇ ಹಂತದಲ್ಲಿ ಜೋಡಿಸಿ ಐಎಂಪಿ ಅಥವಾ ಗ್ವಾನಿನ್ ಹೊತ್ತ ನ್ಯೂಕ್ಲಿಯೊಟೈಡಾದ ಜಿಎಂಪಿ ಮಾಡಿಕೊಡುತ್ತದೆ.

ಇಷ್ಟು ಮಿತವ್ಯಯದ ಕಿಣ್ವವನ್ನು ಬ್ಯಾಕ್ಟೀರಿಯಾ ತಡೆದು ನಿಲ್ಲಿಸುವುದು ಆಹಾರ ಕಡಿಮೆಯಾದ ಹೊತ್ತಿನಲ್ಲೇ! ಅಮೈನೊ ಆಮ್ಲಗಳು ಸಾಲದಾದಾಗ ಕೋಶದಲ್ಲಿ ಪಿಪಿಜಿಪಿಪಿ ಎಂಬ ಪುಟ್ಟ ಅಣು ತುಂಬಿಕೊಳ್ಳುತ್ತದೆ. 1969ರಲ್ಲಿ ಮೈಕೇಲ್ ಕ್ಯಾಶೆಲ್ ಮತ್ತು ಜೊನಾಥನ್ ಗ್ಯಾಲಂಟ್ ಇದನ್ನು ಹಸಿದ ಇ. ಕೋಲೈ ಕೋಶಗಳಲ್ಲಿ ಕಂಡರು. ಪರೀಕ್ಷೆಯಲ್ಲಿ ಹೊಸದಾಗಿ ಮೂಡಿದ ಆ ಗುರುತಿಗೆ ‘ಮಾಯಾ ಚುಕ್ಕೆ’ ಎಂಬ ಹೆಸರು ಬಂತು. ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ಸಬ್ಟಿಲಿಸ್‌ನಲ್ಲಿ ಈ ಅಣು ನೇರವಾಗಿ ಎಚ್‌ಪಿಆರ್‌ಟಿಗೆ ಅಂಟಿಕೊಂಡು, ಪಿಆರ್‌ಪಿಪಿ ಕೂರಬೇಕಾದ ಜಾಗವನ್ನೇ ಹಿಡಿದುಬಿಡುತ್ತದೆ.

ಆಂಥ್ರಾಕ್ಸ್, ಅಂದರೆ ದನಗಳ ನೆರಡಿ ರೋಗ, ತರುವ ಬ್ಯಾಸಿಲಸ್‌ನ ಎಚ್‌ಪಿಆರ್‌ಟಿಯನ್ನು ಪಿಪಿಜಿಪಿಪಿಯ ಜೊತೆಗೇ ಸ್ಫಟಿಕ ಮಾಡಿ ಅಧ್ಯಯನ ಮಾಡಿದ ವರದಿ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ನನಗೆ ಅತ್ಯಂತ ಸೊಗಸಾಗಿ ಕಂಡ ಸಂಗತಿ ಬೇರೊಂದು. ಪಿಪಿಜಿಪಿಪಿಯನ್ನು ಮುಟ್ಟುವ ಅಮೈನೊ ಆಮ್ಲಗಳು ನಾನಾ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚುಕಡಿಮೆ ಒಂದೇ; ಹಾಗಿದ್ದರೂ ಕೆಲವು ಎಚ್‌ಪಿಆರ್‌ಟಿಗಳು ಅದಕ್ಕೆ ಬೇಗ ಮಣಿಯುತ್ತವೆ, ಕೆಲವು ಅಷ್ಟಾಗಿ ಮಣಿಯುವುದಿಲ್ಲ. ಇದರ ಕಾರಣ ಕೆಲಸ ನಡೆಯುವ ಗುಳಿಯಿಂದ ದೂರದಲ್ಲಿದೆ. ಎರಡು ಪ್ರೋಟೀನ್ ಸರಪಳಿಗಳು ಸೇರಿ ಒಂದು ಜೋಡಿಯಾಗುತ್ತವೆ, ಅಂಥ ಎರಡು ಜೋಡಿಗಳು ಬೆಸೆದು ನಾಲ್ಕರ ಕೂಟವಾಗುತ್ತದೆ. ಗುಳಿಯ ಬಳಿ ಒಂದು ಬಾಗುವ ಕುಣಿಕೆಯಿದೆ. ಜೋಡಿಗಳ ಬೆಸುಗೆ ಗಟ್ಟಿಯಾಗಿದ್ದರೆ ಅದು ಈ ಕುಣಿಕೆಯನ್ನು ತನ್ನ ಕಡೆಗೆ ಹಿಡಿದಿಟ್ಟುಕೊಳ್ಳುವುದರಿಂದ ಗುಳಿ ತೆರವಾಗಿ, ಪಿಪಿಜಿಪಿಪಿ ಸಲೀಸಾಗಿ ಒಳಸೇರುತ್ತದೆ. ಬೆಸುಗೆ ಸಡಿಲವಾದರೆ ಕುಣಿಕೆ ಗುಳಿಯತ್ತ ವಾಲಿ ಅಡ್ಡಬರುತ್ತದೆ. ರಾಸಾಯನಿಕ ಕ್ರಿಯೆ ನಡೆಯುವ ಸ್ಥಳವನ್ನು ಬದಲಿಸಿದರೆ ಕಿಣ್ವವೇ ಕೆಟ್ಟೀತು. ವಿಕಾಸ ಆ ಸ್ಥಳವನ್ನು ಹಾಗೇ ಬಿಟ್ಟು, ನೆರೆಹೊರೆಯ ಸಂಬಂಧವನ್ನು ತಿದ್ದಿ ನಿಯಂತ್ರಣವನ್ನು ಬಿಗಿ ಅಥವಾ ಸಡಿಲ ಮಾಡಿದೆ.

ಹಸಿವಿನಲ್ಲಿ ಉಳಿತಾಯದ ದಾರಿಯನ್ನೇ ಮುಚ್ಚುವುದೇಕೆ? ಪ್ಯೂರಿನ್ ಹೆಚ್ಚಿದರೆ, ಜಿಎಂಪಿಗೆ ಇನ್ನೆರಡು ಫಾಸ್ಫೇಟ್ ಸೇರಿ ಆಗುವ ಜಿಟಿಪಿ ಹೆಚ್ಚುತ್ತದೆ. ಜಿಟಿಪಿ ಹೆಚ್ಚಿದರೆ, ಪ್ರೋಟೀನ್ ಕಟ್ಟಲು ಸಾಮಗ್ರಿ ಇಲ್ಲದ ಸಮಯದಲ್ಲೂ ಕೋಶ ಬೆಳವಣಿಗೆಗೆ ಮುಂದಾಗುತ್ತದೆ. ಪಿಪಿಜಿಪಿಪಿಯನ್ನು ತಯಾರಿಸಲಾರದ ಬ್ಯಾಸಿಲಸ್ ಸಬ್ಟಿಲಿಸ್ ತಳಿಗೆ ಗ್ವಾನಿನ್‌ಗೆ ಸಕ್ಕರೆ ಸೇರಿದ ಗ್ವಾನೊಸಿನ್ ಎಂಬ ಪೋಷಕಾಂಶವನ್ನು ಉಣಿಸಿದಾಗ ಕೋಶದ ಜಿಟಿಪಿ ಮಿತಿಮೀರಿ ಏರುತ್ತದೆ, ಮತ್ತು ಅದನ್ನು ತಡೆಯುವವರಿಲ್ಲದೆ ಕೋಶಗಳು ಸಾಯುತ್ತವೆ.