ಘಾಟಿಯ ಇಳಿಜಾರು, ಬ್ರೇಕಿನ ಬಿಸಿ

ಕಳೆದ ಮಳೆಗಾಲದಲ್ಲಿ ಒಂದು ಸಂಜೆ ಫೋನ್ ಬಂತು. ಜೋಡುಪಾಲ ದಾಟಿ ದೇವರಕೊಲ್ಲಿ ಹತ್ತಿರ ಒಂದು ಕಾರು ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿಕೊಂಡು ನಿಂತಿದೆ, ಬ್ರೇಕ್ ಹಿಡೀತಿಲ್ಲ ಅಂತ. ಸಾಮಾನು ಹಾಕಿಕೊಂಡು ಮಡಿಕೇರಿಯಿಂದ ಹೊರಟು ತಲುಪುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಬೆಂಗಳೂರಿನ ಸಂಸಾರ, ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು. ಓಡಿಸುತ್ತಿದ್ದವರ ಕೈ ಇನ್ನೂ ನಡುಗುತ್ತಿತ್ತು.

"ಅಣ್ಣಾ, ಒತ್ತಿದ್ರೆ ಪೆಡಲ್ ಸೀದಾ ನೆಲಕ್ಕೆ ಹೋಯ್ತು. ಈಗ ಒತ್ತಿ ನೋಡಿ, ಗಟ್ಟಿಯಾಗಿದೆ! ನಾನು ಸುಳ್ಳು ಹೇಳ್ತಿಲ್ಲ."

ಅವರು ಹೇಳಿದ್ದು ನಿಜವೇ ಆಗಿತ್ತು. ಮುಂದಿನ ಚಕ್ರ ಬಿಚ್ಚಿದೆ. ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ, ಅಂದರೆ ಡಿಸ್ಕಿನ ಮೇಲೆ ನೀಲಿ ಪಟ್ಟೆ ಮೂಡಿತ್ತು, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡಿನ ಮೈ ಗಾಜಿನ ಹಾಗೆ ಹೊಳೆಯುತ್ತಿತ್ತು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಕಾಫಿ ಡಿಕಾಕ್ಷನ್ ಬಣ್ಣ.

"ಯಾವ ಗೇರಲ್ಲಿ ಇಳಿದ್ರಿ ಸಾರ್?"

"ನಾಲ್ಕು. ಕೆಲವು ಕಡೆ ನ್ಯೂಟ್ರಲ್. ಪೆಟ್ರೋಲ್ ಉಳಿಯುತ್ತೆ ಅಂತ ಯಾರೋ ಹೇಳಿದ್ರು."

ಅದು ಉಳಿಯುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಇಂಜಿನ್ ಆರದಿರಲಿ ಅಂತ ಸ್ವಲ್ಪ ಸ್ವಲ್ಪ ಸುರಿಯುತ್ತಲೇ ಇರುತ್ತದೆ.

ಬ್ರೇಕ್ ಮಾಡುವ ಕೆಲಸ ಒಂದೇ, ಗಾಡಿಯ ಓಟವನ್ನು ಬಿಸಿಯಾಗಿ ಬದಲಿಸುವುದು. ಮಡಿಕೇರಿಯಿಂದ ಘಾಟಿಯ ಬುಡದ ಸಂಪಾಜೆಗೆ ಸುಮಾರು ಸಾವಿರ ಮೀಟರ್ ಇಳಿತ. ಜನ, ಲಗೇಜು ಎಲ್ಲ ಸೇರಿ 1500 ಕೆ.ಜಿ. ಇರುವ ಕಾರು ಅಷ್ಟು ಇಳಿಯುವಾಗ ಹುಟ್ಟುವ ಶಾಖದಲ್ಲಿ 40 ಲೀಟರ್ ತಣ್ಣೀರು ಕುದಿಯುತ್ತದೆ. ಅಂದರೆ ಸ್ನಾನದ ಹಂಡೆ ತುಂಬ ನೀರು! ಇದರಲ್ಲಿ ಒಂದು ಪಾಲನ್ನು ಗಾಳಿ ತೆಗೆದುಕೊಳ್ಳುತ್ತದೆ, ಗೇರಿನಲ್ಲಿದ್ದರೆ ಇಂಜಿನ್ ದೊಡ್ಡ ಪಾಲು ತೆಗೆದುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿದಿರೋ, ಉಳಿದದ್ದೆಲ್ಲ ಆ ನಾಲ್ಕು ಚಕ್ರದೊಳಗಿನ ಅಂಗೈಯಗಲದ ಪ್ಯಾಡು, ಲೈನರುಗಳ (ಡ್ರಮ್ ಎಂಬ ತಿರುಗುವ ಡಬ್ಬಿಯ ಒಳಮೈಗೆ ಉಜ್ಜಿ ನಿಲ್ಲಿಸುವ ಪಟ್ಟಿಗಳು) ತಲೆಗೆ.

ಈ ಪಾಠ ಮೋಟಾರು ಗಾಡಿಯಷ್ಟೇ ಹಳೆಯದು. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ಎಂಬ ತಾಯಿ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ ಅವರು ಕಟ್ಟಿದ್ದ ಮೂರು ಚಕ್ರದ ಗಾಡಿ ಹತ್ತಿ, ಇಬ್ಬರು ಹುಡುಗರನ್ನು ಕೂರಿಸಿಕೊಂಡು, ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟರು. 100 ಕಿಲೋಮೀಟರಿಗಿಂತ ಜಾಸ್ತಿ ದಾರಿ. ಔಷಧಿ ಅಂಗಡಿಯಲ್ಲಿ ಇಂಧನ ಕೊಂಡದ್ದು, ಟೋಪಿಯ ಪಿನ್ನಿನಿಂದ ಪೈಪು ಚುಚ್ಚಿ ಕಸ ತೆಗೆದದ್ದು ಎಲ್ಲರೂ ಹೇಳುವ ಕಥೆ. ನನಗೆ ಇಷ್ಟವಾಗುವ ಭಾಗ ಬೇರೆ. ಇಳಿಜಾರಿನಲ್ಲಿ ಮರದ ಬ್ರೇಕ್ ತುಂಡುಗಳು ಸವೆದು ಹೋದವು. ಆ ತಾಯಿ ದಾರಿಯಲ್ಲಿ ಸಿಕ್ಕ ಚಮ್ಮಾರರ ಹತ್ತಿರ ಗಾಡಿ ನಿಲ್ಲಿಸಿ, ಆ ತುಂಡುಗಳಿಗೆ ಚರ್ಮ ಹೊಡೆಸಿದರು. ನಾವು ಇವತ್ತು ಅಂಗಡಿಯಲ್ಲಿ ಕೇಳಿ ತರುವ ಬ್ರೇಕ್ ಲೈನರಿನ ಅಜ್ಜಿ ಅದು. ಏರಿನಲ್ಲಿ ಹುಡುಗರು ಇಳಿದು ಗಾಡಿ ತಳ್ಳಬೇಕಾಯಿತು. ಮನೆಗೆ ಬಂದು ಗಂಡನಿಗೆ ಹೇಳಿದ್ದು, ಗುಡ್ಡಕ್ಕೆ ಇನ್ನೊಂದು ಕಡಿಮೆ ವೇಗದ ಗೇರ್ ಬೇಕು ಅಂತ. ಒಂದೇ ಪ್ರಯಾಣದಲ್ಲಿ ಲೈನರ್ ಮತ್ತು ಲೋ ಗೇರ್ ಎರಡೂ! ಘಾಟಿ ಓಡಿಸುವವರಿಗೆ ಬೇಕಾದದ್ದೂ ಇವೆರಡೇ ಅಲ್ವಾ?

ಡಿಸ್ಕ್ ಬ್ರೇಕ್ ಹೊಸದು ಅಂದುಕೊಂಡವರು ಜಾಸ್ತಿ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಅದಕ್ಕೆ ಪೇಟೆಂಟ್ ಪಡೆದದ್ದು 1902ರಲ್ಲಿ. ತಾಮ್ರದ ಪ್ಯಾಡು ಕಿವಿ ಹರಿಯುವಂತೆ ಕಿರುಚುತ್ತಿತ್ತು, ಧೂಳಿನ ರಸ್ತೆಯಲ್ಲಿ ಬೇಗ ಸವೆಯುತ್ತಿತ್ತು. ಆಮೇಲೆ ಆಸ್ಬೆಸ್ಟಾಸ್ ಲೈನರುಗಳು ಬಂದವು. ಬಿಸಿ ತಡೆದವು, ಆದರೆ ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಗ್ಯಾರೇಜಿನ ಹುಡುಗರು ಇದನ್ನು ಓದುತ್ತಿದ್ದರೆ ಕೇಳಿಕೊಳ್ಳುತ್ತೇನೆ. ಹಳೇ ಜೀಪಿನ ಡ್ರಮ್ ತೆಗೆದಾಗ ಏರ್ ಹೊಡೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಬ್ರೇಕ್ ಆಯಿಲ್ ಕಥೆ ಹೇಳಬೇಕಾದರೆ 1921ಕ್ಕೆ ಹೋಗಬೇಕು. ಆ ಜುಲೈಯಲ್ಲಿ ಫ್ರೆಂಚ್ ಗ್ರಾಂಡ್ ಪ್ರೀ ಎಂಬ ಕಾರ್ ರೇಸು ಲೆ ಮಾನ್ ಊರಿನ ಹತ್ತಿರದ ರಸ್ತೆಗಳಲ್ಲಿ ನಡೆಯಿತು. ಅಮೆರಿಕದ ಜಿಮ್ಮಿ ಮರ್ಫಿ ತಂದ ಡ್ಯೂಸೆನ್‌ಬರ್ಗ್ ಗಾಡಿಯಲ್ಲಿ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್, ಅಂದರೆ ದ್ರವದ ಒತ್ತಡದಿಂದ ಕೆಲಸ ಮಾಡುವ ಬ್ರೇಕ್ ಇತ್ತು. ಬೇರೆ ಗಾಡಿಗಳಲ್ಲಿ ರಾಡು, ಕೇಬಲ್ಲು. ಕೇಬಲ್ಲಿನ ತೊಂದರೆ ನಮಗೆಲ್ಲ ಗೊತ್ತು, ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ, ಬ್ರೇಕ್ ಹಾಕಿದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ದ್ರವಕ್ಕೆ ಈ ಭೇದ ಇಲ್ಲ. ಪೈಪಿನೊಳಗಿನ ದ್ರವವನ್ನು ಒತ್ತಿದರೆ ಆ ಒತ್ತಡ ಪೈಪಿನ ಎಲ್ಲ ತುದಿಗೂ ಒಂದೇ ಸಮ ಹೋಗುತ್ತದೆ. ರಸ್ತೆ ಕಿತ್ತು ಕಲ್ಲು ಹಾರುತ್ತಿತ್ತು, ಮರ್ಫಿಗೆ ಪ್ರಾಕ್ಟೀಸಿನಲ್ಲಿ ಬಿದ್ದ ಪೆಟ್ಟಿನಿಂದ ಪಕ್ಕೆಲುಬು ನೋಯುತ್ತಿತ್ತು, ಕೊನೆಗೆ ಕಲ್ಲು ತಗುಲಿ ರೇಡಿಯೇಟರ್ ಕೂಡ ತೂತಾಯಿತು. ಆದರೂ ಗೆದ್ದರು. ಯಾರಿಗಿಂತಲೂ ತಡವಾಗಿ ಬ್ರೇಕ್ ಹಾಕಿ, ಗಾಡಿ ನೇರ ಇಟ್ಟುಕೊಂಡು ತಿರುವಿಗೆ ಇಳಿಯಲು ಅವರಿಗೆ ಆಗುತ್ತಿತ್ತು.

ದ್ರವವನ್ನು ಕುಗ್ಗಿಸಲು ಆಗುವುದಿಲ್ಲ ಎಂಬುದರ ಮೇಲೆ ಈ ಇಡೀ ಏರ್ಪಾಡು ನಿಂತಿದೆ. ಅದೇ ದ್ರವ ಕುದಿದು ಆವಿಯಾದರೆ? ಆವಿ ಕುಗ್ಗುತ್ತದೆ. ಪೆಡಲ್ ಒತ್ತಿದರೆ ಬರೀ ಆವಿ ಕುಗ್ಗಿ ಕಾಲು ನೆಲ ಮುಟ್ಟುತ್ತದೆ, ಅರ್ಧ ಗಂಟೆ ತಣ್ಣಗಾದರೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ದೇವರಕೊಲ್ಲಿಯಲ್ಲಿ ನಡೆದದ್ದು ಇದೇ. ಬ್ರೇಕ್ ಆಯಿಲ್‌ಗೆ ಗಾಳಿಯಿಂದ ನೀರು ಹೀರುವ ಗುಣ ಇದೆ. ಡಾಟ್ 3 ಎಂಬ ದರ್ಜೆಯ ಆಯಿಲ್ ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ನೂರಕ್ಕೆ ಮೂರೂವರೆ ಪಾಲಿಗಿಂತ ಸ್ವಲ್ಪ ಜಾಸ್ತಿ ನೀರು ಸೇರಿದರೆ 140ಕ್ಕೇ ಕುದಿಯಬಹುದು. ಬಟ್ಟೆ ವಾರವಾದರೂ ಒಣಗದ ನಮ್ಮ ಮಳೆಗಾಲದಲ್ಲಿ ಇದನ್ನು ಮರೆಯುವ ಹಾಗಿಲ್ಲ. ಎರಡು ವರ್ಷಕ್ಕೊಮ್ಮೆ ಹಳೇ ಆಯಿಲ್ ಪೂರ್ತಿ ತೆಗೆದು, ಹೊಸದು ಹಾಕಿಸಿ, ಪೈಪಿನೊಳಗೆ ಸೇರಿದ ಏರ್ (ಗಾಳಿ) ತೆಗೆಸಿ. ಕಡಿಮೆ ಆದಷ್ಟು ಮಾತ್ರ ಮೇಲಿಂದ ಸುರಿದರೆ ಏನೂ ಪ್ರಯೋಜನ ಇಲ್ಲ.

ಡಿಸ್ಕಿಗೆ ಅದರ ದಿನ ಬಂದದ್ದು 1953ರಲ್ಲಿ. ಲೆ ಮಾನ್‌ನ 24 ಗಂಟೆಯ ರೇಸು. ಅಲ್ಲಿ ಸುಮಾರು 6 ಕಿಲೋಮೀಟರ್ ನೇರ ರಸ್ತೆ, ಅದರ ತುದಿಯಲ್ಲಿ ಬಿಗಿಯಾದ ತಿರುವು. ಪ್ರತಿ ಸುತ್ತಿನಲ್ಲೂ ಡ್ರಮ್ ಬ್ರೇಕು ಅಲ್ಲಿ ಬೇಯುತ್ತಿತ್ತು. ಡ್ರಮ್ ಅಂದರೆ ಮುಚ್ಚಿದ ಪಾತ್ರೆ, ಬಿಸಿ ಒಳಗೇ ಉಳಿಯುತ್ತದೆ, ಕಾದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಡಿಸ್ಕ್ ಗಾಳಿಗೆ ತೆರೆದಿರುತ್ತದೆ, ಕಾದರೆ ಪ್ಯಾಡಿನ ಕಡೆಗೇ ದಪ್ಪವಾಗುತ್ತದೆ. ಡನ್‌ಲಪ್ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್‌ನಲ್ಲಿ ಟೋನಿ ರೋಲ್ಟ್, ಡಂಕನ್ ಹ್ಯಾಮಿಲ್ಟನ್ ಗೆದ್ದರು. ಸರಾಸರಿ ವೇಗ ಗಂಟೆಗೆ 170 ಕಿಲೋಮೀಟರ್, ಅಲ್ಲಿ ನೂರು ಮೈಲಿ ದಾಟಿದ ಮೊದಲ ಗೆಲುವು. ಜಾಗ್ವಾರ್‌ಗಳೇ ಎರಡನೇ ಮತ್ತು ನಾಲ್ಕನೇ ಸ್ಥಾನಕ್ಕೂ ಬಂದವು. ಎರಡು ವರ್ಷದಲ್ಲಿ ಸಿಟ್ರೊಯೆನ್ ಡಿಎಸ್ ಕಾರಿನ ಮುಂದಿನ ಚಕ್ರಕ್ಕೆ ಡಿಸ್ಕ್ ಬಂದು, ಮನೆಮಂದಿಯ ಕಾರಿಗೂ ಆ ಲಾಭ ಸಿಕ್ಕಿತು.

ಆದರೆ ಅದೇ 1955ರ ಜೂನ್ 11ನ್ನು ಬರೆಯದೆ ಬಿಟ್ಟರೆ ತಪ್ಪಾಗುತ್ತದೆ. ಲೆ ಮಾನ್‌ನಲ್ಲೇ, ಮುಂದೆ ಹೋಗುತ್ತಿದ್ದ ಮೈಕ್ ಹಾಥಾರ್ನ್ ಪಿಟ್‌ಗೆ (ರೇಸಿನ ನಡುವೆ ಗಾಡಿ ನಿಲ್ಲಿಸಿ ಇಂಧನ ತುಂಬಿಸಿ ರಿಪೇರಿ ಮಾಡುವ ಜಾಗ) ಸೇರಲು ಬ್ರೇಕ್ ಹಾಕಿದರು. ಅವರದು ಡಿಸ್ಕ್ ಬ್ರೇಕಿನ ಜಾಗ್ವಾರ್ ಡಿ-ಟೈಪ್. ಹಿಂದಿದ್ದ ಲ್ಯಾನ್ಸ್ ಮ್ಯಾಕ್ಲಿನ್ ತಪ್ಪಿಸಿಕೊಳ್ಳಲು ಎಡಕ್ಕೆ ಎಳೆದರು. ಅವರ ಹಿಂದೆ ಇನ್ನೂ ವೇಗವಾಗಿ ಬರುತ್ತಿದ್ದ ಪಿಯರ್ ಲೆವೆಗ್ ಅವರ ಮರ್ಸಿಡಿಸ್ 300 ಎಸ್‌ಎಲ್‌ಆರ್ ಆ ಕಾರಿನ ಹಿಂಭಾಗ ಹತ್ತಿ ಹಾರಿತು. ಗಾಡಿಯ ತುಂಡುಗಳು ಜನರ ನಡುವೆ ನುಗ್ಗಿದವು. ಲೆವೆಗ್ ಸೇರಿ 80ಕ್ಕೂ ಹೆಚ್ಚು ಜನ ಸತ್ತರು. ಮರ್ಸಿಡಿಸ್‌ನಲ್ಲಿ ಡ್ರಮ್ ಬ್ರೇಕು, ಜೊತೆಗೆ ಡ್ರೈವರ್ ಬೆನ್ನ ಹಿಂದೆ ಎದ್ದು ಗಾಳಿಗೆ ಅಡ್ಡ ನಿಂತು ವೇಗ ತಗ್ಗಿಸುವ ಹಲಗೆ. ಪಿಟ್ ಪಕ್ಕದ ರಸ್ತೆ ಕಿರಿದಾಗಿತ್ತು, ಪಿಟ್‌ಗೂ ರೇಸ್ ದಾರಿಗೂ ನಡುವೆ ಗೋಡೆ ಇರಲಿಲ್ಲ. ಕಾರಣ ಒಂದೇ ಅಲ್ಲ. ಆದರೆ ಬೇರೆ ಬೇರೆ ಶಕ್ತಿಯ ಬ್ರೇಕಿನ ಗಾಡಿಗಳು ಒಂದೇ ರಸ್ತೆಯಲ್ಲಿ ಹತ್ತಿರ ಹತ್ತಿರ ಹೋಗುವುದು ಎಷ್ಟು ಅಪಾಯ ಅಂತ ನನಗೆ ಘಾಟಿಯಲ್ಲಿ ದಿನವೂ ಕಾಣುತ್ತದೆ. ಮುಂದೆ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಏರ್ಪಾಡು) ಇರುವ ಹೊಸ ಕಾರು, ಅದರ ಬಾಲಕ್ಕೆ ಅಂಟಿಕೊಂಡು ಕಾಫಿ ಮೂಟೆ ಹೇರಿದ ಹಳೇ ಪಿಕಪ್ಪು. ಮುಂದಿನವರು ಜಲಪಾತ ಕಂಡು ಫೋಟೋಗೆ ಅಂತ ಗಕ್ಕನೆ ನಿಲ್ಲಿಸಿದರೆ ಹಿಂದಿನವನಿಗೆ ನಿಲ್ಲಿಸಲು ಆಗುವುದಿಲ್ಲ. ದಯವಿಟ್ಟು ಕನ್ನಡಿ ನೋಡಿ ಬ್ರೇಕ್ ಹಾಕಿ.

ಎಬಿಎಸ್ ಬಗ್ಗೆ ಎರಡೇ ಮಾತು. 1978ರಲ್ಲಿ ಬಾಷ್ ತಯಾರಿಸಿದ್ದನ್ನು ಮರ್ಸಿಡಿಸ್ ಎಸ್-ಕ್ಲಾಸ್‌ಗೆ ಹಾಕಿದರು, ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಕಡ್ಡಾಯ. ಒದ್ದೆ ಎಲೆ ಬಿದ್ದ ತಿರುವಿನಲ್ಲಿ ಚಕ್ರ ಲಾಕ್ ಆಗದೆ ಸ್ಟೇರಿಂಗ್ ಕೈಯಲ್ಲಿ ಉಳಿಯುತ್ತದೆ, ಬಹಳ ಒಳ್ಳೆಯದು. ಆದರೆ ಅದು ಬ್ರೇಕನ್ನು ತಣ್ಣಗೆ ಮಾಡುವುದಿಲ್ಲ.

ದೇವರಕೊಲ್ಲಿಯಲ್ಲಿ ಆ ದಿನ ಟಾರ್ಚ್ ಬೆಳಕಿನಲ್ಲಿ ಆಯಿಲ್ ಬದಲಿಸಿ, ನಾಲ್ಕೂ ಚಕ್ರದ ಏರ್ ತೆಗೆದು, ಹೊಸ ಪ್ಯಾಡ್ ಹಾಕಿದೆ. ಎರಡನೇ ಗೇರ್, ಕಾಲು ಬ್ರೇಕಿನ ಮೇಲೆ ಇಟ್ಟುಕೊಂಡೇ ಇರಬೇಡಿ, ಬೇಕಾದಾಗ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ, ಕೆಳಗೆ ಹೋಗಿ ನಿಲ್ಲಿಸಿ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ ಅಂದೆ. ಒಂದು ಗಂಟೆಯ ಮೇಲೆ ಸಂಪಾಜೆ ಗೇಟ್ ದಾಟಿ ಫೋನ್ ಮಾಡಿದರು.

"ಅಣ್ಣಾ, ಕೈ ಹಿಡಿದು ನೋಡಿದೆ. ಸುಮ್ನೆ ಬೆಚ್ಚಗಿದೆ, ಅಷ್ಟೇ."